ಎರೆಮಣ್ಣಿನ ರಾಡಿಯಲ್ಲಿ ಸೈಕ್ಲೋಕ್ರಾಸ್: ಎರಡು ದಿನದ ರೇಸಿಗೆ ಪೂರ್ತಿ ತಯಾರಿ

ದಾವಣಗೆರೆ ಸುತ್ತ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಇರುವವರು ಮಳೆ ನಿಂತ ಮಾರನೇ ದಿನ ಹೊಲದೊಳಗೆ ಹೋಗುವುದಿಲ್ಲ. ಬದುವಿನ ಮೇಲೆ ನಿಂತು ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡುತ್ತಾರೆ. ಕೈಗೆ ಮೆತ್ತಿಕೊಂಡರೆ ‘ಇನ್ನೂ ಹದ ಬಂದಿಲ್ಲ’ ಅಂತ ಮನೆಗೆ ತಿರುಗುತ್ತಾರೆ. ಆ ಹದ ಬರದ ಮಣ್ಣಿನಲ್ಲೇ ನಾವು ಸೈಕಲ್ ಓಡಿಸುತ್ತೇವೆ. ಹಾಗಾಗಿ ಆ ಒಂದು ಹಿಡಿ ಮಣ್ಣಿನ ಪರೀಕ್ಷೆ ನಮಗೂ ಬೇಕು. ಇಷ್ಟು ಮಳೆಗಾಲದಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ: ಕೆಸರಿನ ರೇಸಿನಲ್ಲಿ ಕಾಲಿನ ಬಲಕ್ಕಿಂತ ಮಣ್ಣು ನೋಡುವ ಕಣ್ಣು ಜಾಸ್ತಿ ಕೆಲಸಕ್ಕೆ ಬರುತ್ತದೆ. ಎಲ್ಲಿ ಓಡಿಸಬೇಕು, ಎಲ್ಲಿ ಇಳಿದು ಹೊರಬೇಕು ಅನ್ನೋದನ್ನು ಮಣ್ಣೇ ಹೇಳುತ್ತದೆ.

ಸೈಕ್ಲೋಕ್ರಾಸ್ ಗೊತ್ತಿಲ್ಲದವರಿಗೆ ಎರಡು ಮಾತು. ಹುಲ್ಲು, ಕೆಸರು, ಮರಳು, ಮೆಟ್ಟಿಲು, ಸಣ್ಣ ದಿಬ್ಬ ಎಲ್ಲ ಇರುವ ಒಂದು ಸುತ್ತನ್ನು ಮತ್ತೆ ಮತ್ತೆ ಹಾಕುವ ಸೈಕಲ್ ಪಂದ್ಯ ಇದು. ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ಸುತ್ತು 2.5ರಿಂದ 3.5 ಕಿಲೋಮೀಟರ್ ಇರುತ್ತದೆ. ದಾರಿಗೆ ಅಡ್ಡ 40 ಸೆಂಟಿಮೀಟರ್ ಮೀರದ ಹಲಗೆ ನಿಲ್ಲಿಸಿರುತ್ತಾರೆ. ಇಳಿದು, ಸೈಕಲ್ ಎತ್ತಿಕೊಂಡು ದಾಟಿ, ಮತ್ತೆ ಹತ್ತಬೇಕು. ಫ್ರಾನ್ಸ್‌ನಲ್ಲಿ 1902ರಲ್ಲೇ ಇದರ ರಾಷ್ಟ್ರೀಯ ಪಂದ್ಯ ನಡೆದಿತ್ತು. ಮೊದಲ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲಿ ಪ್ಯಾರಿಸ್‌ನಲ್ಲಿ ಆಯಿತು. ಯುರೋಪಿನಲ್ಲಿ ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಇದರ ಕಾಲ. ನಮ್ಮಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆ ಬೀಳುವ ಹೊತ್ತು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗೆ ಆಗಲೇ ಮಳೆ ಜೋರು, ಹಾಗಾಗಿ ಕೆಸರಿಗೆ ಕೊರತೆ ಇಲ್ಲ.

ನಾವು ಗೆಳೆಯರು ಸೇರಿ ಹಾಕುವ ರೇಸು ಶನಿವಾರ ಚಿತ್ರದುರ್ಗದ ಕಡೆ ಕೆಂಪು ಮಣ್ಣಿನ ಬೀಳು ಜಾಗದಲ್ಲಿ, ಭಾನುವಾರ ದಾವಣಗೆರೆ ಕಡೆ ಎರೆ ಹೊಲದಲ್ಲಿ. ನಡುವೆ ಹೆದ್ದಾರಿಯಲ್ಲಿ 60 ಕಿಲೋಮೀಟರ್ ಆಸುಪಾಸು. ಅಷ್ಟು ದೂರದಲ್ಲಿ ಮಣ್ಣಿನ ಗುಣವೇ ಬದಲಾಗುತ್ತದೆ. ಈ ಬರಹ ಅಂಥ ಎರಡು ದಿನಕ್ಕೆ ಮೊದಲ ಸಲ ಇಳಿಯುವವರಿಗೆ.

ಮೊದಲು ಮಣ್ಣು

ಕೆಸರು ಅಂದರೆ ಎಲ್ಲವೂ ಒಂದೇ ಅಲ್ಲ. ಮಳೆ ಸುರಿಯುತ್ತಿರುವಾಗ ಇರುವುದು ತೆಳು ರಾಡಿ. ನೋಡಲು ಭಯ ಆಗುತ್ತದೆ, ಮೈಯೆಲ್ಲ ಸಿಡಿಯುತ್ತದೆ, ಆದರೆ ಗಾಲಿ ಸಲೀಸಾಗಿ ತಿರುಗುತ್ತದೆ. ನೀರೇ ಮಣ್ಣನ್ನು ತೊಳೆದುಕೊಂಡು ಹೋಗುತ್ತದೆ. ಮಳೆ ನಿಂತು ಮೂರು ನಾಲ್ಕು ಗಂಟೆ ಬಿಸಿಲು ಬಿತ್ತು ಅನ್ನಿ, ಆಗ ಶುರುವಾಗುತ್ತದೆ ಅಂಟು. ಎರೆಮಣ್ಣಿನಲ್ಲಿ ಜೇಡಿ ಜಾಸ್ತಿ. ನೀರು ಕುಡಿದು ಉಬ್ಬುತ್ತದೆ, ಅರ್ಧ ಒಣಗುವಾಗ ಗೋಂದಿನ ಹಾಗೆ ಹಿಡಿಯುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಟೈರು ಎರಡರಷ್ಟು ದಪ್ಪ ಆಗಿ ಫೋರ್ಕಿನೊಳಗೆ (ಮುಂದಿನ ಗಾಲಿ ಹಿಡಿದ ಕವಲು) ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ರೇಸಿನ ದಿನ ಬೆಳಿಗ್ಗೆ ಮೋಡ ಬಿಟ್ಟು ಬಿಸಿಲು ಬಂದರೆ ಹೊಸಬರು ಖುಷಿ ಪಡುತ್ತಾರೆ, ಹಳಬರು ಸೈಕಲ್ ಹೊರಲು ತಯಾರಾಗುತ್ತಾರೆ.

ಕೆಂಪು ಮಣ್ಣು ಬೇರೆ. ಮರಳು, ಗರಸು ಬೆರೆತಿರುವುದರಿಂದ ನೀರು ಬೇಗ ಇಂಗುತ್ತದೆ. ಮೇಲೆ ಒಂದು ಪದರ ಜಾರು, ಅದರ ಕೆಳಗೆ ಗಟ್ಟಿ. ಗಾಲಿ ಅಷ್ಟಾಗಿ ಕಟ್ಟಿಕೊಳ್ಳುವುದಿಲ್ಲ. ಆದರೆ ತಿರುವಿನಲ್ಲಿ ಸರ್ರನೆ ಜಾರುತ್ತದೆ, ಕಲ್ಲಿಗೆ ಟೈರು ಕೊಯ್ದುಹೋಗುತ್ತದೆ.

ಪರೀಕ್ಷೆ ಹೀಗೆ. ಟ್ರ್ಯಾಕಿನ ನಾಲ್ಕೈದು ಕಡೆ ಒಂದೊಂದು ಹಿಡಿ ಮಣ್ಣು ಹಿಸುಕಿ. ಬೆರಳ ಸಂದಿಯಿಂದ ನೀರು ಸೋರಿದರೆ ಅಲ್ಲಿ ಓಡಿಸಬಹುದು. ಉಂಡೆ ಕಟ್ಟಿ, ಕೈ ಕೊಡವಿದರೂ ಬೀಳದೆ ಅಂಗೈಗೇ ಅಂಟಿಕೊಂಡರೆ ಅಲ್ಲಿ ಹೊರಬೇಕು. ಮಣ್ಣಿನ ಜೊತೆ ಹುಲ್ಲು, ಮೆಕ್ಕೆಜೋಳದ ಗರಿ ಸೇರಿದ್ದರೆ ಇನ್ನೂ ಹುಷಾರು. ಹುಲ್ಲು ಬೆರೆಸಿ ಕಲಸಿದ ಮಣ್ಣು ಗೋಡೆಗೆ ಹೇಗೆ ಹಿಡಿಯುತ್ತದೆ ಅಂತ ನಮಗೆ ಗೊತ್ತೇ ಇದೆ. ಬ್ರೇಕಿನ ಹತ್ತಿರ ಅದೇ ಆಗುತ್ತದೆ.

ಸೈಕಲ್: ಏನಿರಬೇಕು, ಏನು ಬಿಚ್ಚಬೇಕು

ಸೈಕ್ಲೋಕ್ರಾಸ್ ಸೈಕಲ್ ನೋಡಲು ರೋಡ್ ಸೈಕಲಿನ ಹಾಗೇ. ಬಾಗಿದ ಹ್ಯಾಂಡಲ್, ಆದರೆ ಟೈರಿಗೂ ಫ್ರೇಮಿಗೂ ನಡುವೆ ಜಾಗ ಜಾಸ್ತಿ. ಅಂತರರಾಷ್ಟ್ರೀಯ ರೇಸಿನಲ್ಲಿ ಟೈರಿನ ಅಗಲ 33 ಮಿಲಿಮೀಟರ್ ದಾಟಬಾರದು. ಹವ್ಯಾಸಿ ರೇಸುಗಳಲ್ಲಿ ಸಾಮಾನ್ಯವಾಗಿ ಮೌಂಟನ್ ಬೈಕ್, ಗ್ರ್ಯಾವೆಲ್ ಬೈಕ್ ಎರಡಕ್ಕೂ ಅವಕಾಶ ಕೊಡುತ್ತಾರೆ. ಮೊದಲ ಸಲಕ್ಕೆ ಹೊಸ ಸೈಕಲ್ ಕೊಳ್ಳಬೇಡಿ. ಮನೆಯಲ್ಲಿರುವ ಗೇರ್ ಸೈಕಲ್ಲೇ ಸಾಕು. ರೋಡ್ ಬೈಕ್ ಮಾತ್ರ ಬೇಡ. ಅದರಲ್ಲಿ ಮಣ್ಣು ಹೊರಹೋಗಲು ಜಾಗವೇ ಇರುವುದಿಲ್ಲ.

ಮಡ್‌ಗಾರ್ಡ್, ಸ್ಟ್ಯಾಂಡ್, ಬೆಲ್, ಲೈಟು, ಹ್ಯಾಂಡಲ್ ತುದಿಯ ಕೊಂಬು ಎಲ್ಲ ಬಿಚ್ಚಿ. ನೀರಿನ ಬಾಟಲಿ ಇಡುವ ಕೇಜ್ ಕೂಡ ಬಿಚ್ಚಬೇಕು. ಸೈಕಲ್ ಹೆಗಲಿಗೆ ಹಾಕುವಾಗ ಅದು ಪಕ್ಕೆಗೆ ಒತ್ತುತ್ತದೆ. ಅರ್ಧ ಮುಕ್ಕಾಲು ಗಂಟೆಯ ರೇಸಿನಲ್ಲಿ ಕುಡಿಯಲು ಪುರಸೊತ್ತೂ ಇರುವುದಿಲ್ಲ. ಡಿಸ್ಕ್ ಬ್ರೇಕ್ ಇದ್ದರೆ ಒಳ್ಳೆಯದು. ರಿಮ್ಮಿಗೆ ಹಿಡಿಯುವ ಬ್ರೇಕ್ ಆದರೆ ರಾಡಿಯಲ್ಲಿ ಅರ್ಧ ಬಲವೂ ಉಳಿಯುವುದಿಲ್ಲ ಅಂತ ತಿಳಿದೇ ಇಳಿಯಿರಿ.

ಗಾಳಿ. ಇದೊಂದನ್ನು ಸರಿ ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ. ನಮ್ಮ ಅಂಗಡಿಗಳಲ್ಲಿ ಕಲ್ಲಿನ ಹಾಗೆ ಗಾಳಿ ತುಂಬಿ ಕಳಿಸುತ್ತಾರೆ. ಕೆಸರಿಗೆ ಅದು ಆಗುವುದಿಲ್ಲ. 65ರಿಂದ 70 ಕಿಲೋ ತೂಕದವರು 33 ಮಿಲಿಮೀಟರ್ ಟ್ಯೂಬ್‌ಲೆಸ್ ಟೈರಿಗೆ ಹಿಂದೆ 25, ಮುಂದೆ 23 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟು ಶುರು ಮಾಡಬಹುದು. ಒಳಗೆ ಟ್ಯೂಬ್ ಇದ್ದರೆ 30ರ ಆಸುಪಾಸು. ಇನ್ನೂ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬ್ ಕಚ್ಚಿಕೊಳ್ಳುತ್ತದೆ. ಮೌಂಟನ್ ಬೈಕಿನ ದಪ್ಪ ಟೈರಿಗೆ ಇದಕ್ಕಿಂತ ಕಡಿಮೆ ಸಾಕು. ಮುಳ್ಳಿನ ಮಾತೂ ಇದೆ. ಬಳ್ಳಾರಿ ಜಾಲಿ, ನೆಗ್ಗಿಲು ಎರಡೂ ನಮ್ಮ ಬಯಲಿನಲ್ಲಿ ಧಾರಾಳ. ಟ್ಯೂಬ್‌ಲೆಸ್ ಟೈರಿನೊಳಗೆ ಹೊಸ ಸೀಲೆಂಟ್ (ತೂತು ತಾನೇ ಮುಚ್ಚುವ ದ್ರವ) ಹಾಕಿಸದೆ ಬರಬೇಡಿ. ಬೇಸಿಗೆಯಲ್ಲಿ ಹಾಕಿಸಿದ್ದು ಇಷ್ಟೊತ್ತಿಗೆ ಒಣಗಿರುತ್ತದೆ.

ಪೆಡಲ್ ಬಗ್ಗೆ ತುಂಬಾ ಯೋಚಿಸಬೇಡಿ. ಶೂ ಕಚ್ಚಿಕೊಳ್ಳುವ ಪೆಡಲ್ ಅಭ್ಯಾಸ ಇದ್ದರೆ ಸರಿ. ಇಲ್ಲದಿದ್ದರೆ ಚಪ್ಪಟೆ ಪೆಡಲ್, ಕಾಲಿಗೆ ಫುಟ್‌ಬಾಲ್ ಶೂ. ಎರೆಯಲ್ಲಿ ಓಡುವಾಗ ಅದರ ಗುಬ್ಬಿಗಳು ನೆಲ ಹಿಡಿಯುತ್ತವೆ.

ಇಳಿಯೋದು, ಹೊರೋದು, ಹತ್ತೋದು

ಇದನ್ನು ಒಂದು ತಿಂಗಳ ಮುಂಚೆಯೇ ಶುರು ಮಾಡಿ. ವಾರಕ್ಕೆ ಎರಡು ಸಲ, ಒಂದೊಂದು ಸಲ ಅರ್ಧ ಗಂಟೆ ಸಾಕು. ಹುಲ್ಲಿನ ಮೈದಾನದಲ್ಲಿ ಮಾಡಿ, ಬಿದ್ದರೂ ಪೆಟ್ಟಾಗುವುದಿಲ್ಲ. ಅಡ್ಡ ಹಲಗೆ ಬದಲು ಮೊದಲು ಒಂದು ಬಿದಿರು ಗಳ ನೆಲದ ಮೇಲಿಟ್ಟರೆ ಸಾಕು.

1. ಅಡ್ಡ ಹಲಗೆ ಬರುವ ಹತ್ತು ಮೀಟರ್ ಮುಂಚೆ ಗೇರ್ ಹಗುರ ಮಾಡಿಕೊಳ್ಳಿ. ಆಮೇಲೆ ಹೊರಟಾಗ ಹೆವಿ ಗೇರಿನಲ್ಲಿ ಒದ್ದಾಡಬಾರದು.
2. ಇಳಿಯುವುದು ಯಾವಾಗಲೂ ಎಡಕ್ಕೆ. ಚೈನು ಬಲಕ್ಕಿರುತ್ತದೆ, ಅದು ಕಾಲಿಗೆ ತಾಗಬಾರದು.
3. ಬಲಗಾಲನ್ನು ಸೀಟಿನ ಹಿಂದಿನಿಂದ ಎಡಗಡೆಗೆ ತನ್ನಿ. ಈಗ ಎಡಗಾಲಿನ ಪೆಡಲ್ ಮೇಲೆ ನಿಂತೇ ಹೋಗುತ್ತಿದ್ದೀರಿ. ಹಾಲಿನವರು ಕ್ಯಾನ್ ಕಟ್ಟಿದ ಸೈಕಲ್ಲಿಂದ ಇಳಿಯೋದು ನೆನಪಿಸಿಕೊಳ್ಳಿ.
4. ಎಡಗೈ ಹ್ಯಾಂಡಲ್ ಮೇಲೇ ಇರಲಿ. ಬಲಗೈಯಲ್ಲಿ ಮೇಲಿನ ಬಾರ್ ಹಿಡಿಯಿರಿ.
5. ಬಲಗಾಲು ನೆಲಕ್ಕೆ ತಾಗುತ್ತಲೇ ಓಡಬೇಕು. ನಿಲ್ಲಬಾರದು. ಎರಡು ಹೆಜ್ಜೆ, ಸೈಕಲ್ ಎತ್ತು, ದಾಟು, ಇಳಿಸು.

ನಾಲ್ಕನೇ ಹೆಜ್ಜೆಯಲ್ಲಿ ಒಂದು ಅಪಾಯ ಇದೆ. ಆಗ ಎಡಗೈಯ ಬ್ರೇಕ್ ಮಾತ್ರ ನಿಮಗೆ ಸಿಗುತ್ತದೆ. ಅದು ಮುಂದಿನ ಗಾಲಿಯದೋ ಹಿಂದಿನದೋ ಅಂತ ಮನೆಯಲ್ಲೇ ನೋಡಿಕೊಳ್ಳಿ, ಸೈಕಲಿಂದ ಸೈಕಲಿಗೆ ಬೇರೆ ಇರುತ್ತದೆ. ಮುಂದಿನದಾದರೆ ಅದನ್ನು ಜೋರಾಗಿ ಹಿಡಿದಿರೋ, ಹಿಂದಿನ ಗಾಲಿ ಎದ್ದು ತಲೆ ಮೇಲೆ ಬರುತ್ತದೆ.

ಹೊರುವುದು: ಬಲಗೈಯನ್ನು ಫ್ರೇಮಿನ ತ್ರಿಕೋನದೊಳಗೆ ತೂರಿಸಿ, ಮೇಲಿನ ಬಾರನ್ನು ಹೆಗಲ ಮೇಲೆ ಕೂರಿಸಿ, ಅದೇ ಕೈಯನ್ನು ಮುಂದಕ್ಕೆ ತಂದು ಹ್ಯಾಂಡಲಿನ ಎಡಭಾಗ ಹಿಡಿಯಿರಿ. ಹೀಗೆ ಹಿಡಿದರೆ ಮುಂದಿನ ಗಾಲಿ ಆ ಕಡೆ ಈ ಕಡೆ ಹೊಯ್ದಾಡುವುದಿಲ್ಲ, ಎಡಗೈ ಬೀಸಿ ಓಡಲು ಸಿಗುತ್ತದೆ. ಸಣ್ಣ ಮೌಂಟನ್ ಬೈಕಿನ ತ್ರಿಕೋನದಲ್ಲಿ ಹೆಗಲು ಹಿಡಿಸುವುದಿಲ್ಲ. ಆಗ ಬಾರ್ ಮತ್ತು ಹ್ಯಾಂಡಲ್ ಹಿಡಿದು ಸೊಂಟದ ಮಟ್ಟಕ್ಕೆ ಎತ್ತಿ ಓಡಿ. ಕಷ್ಟ, ಆದರೂ ಎರೆಯಲ್ಲಿ ತಳ್ಳುವುದಕ್ಕಿಂತ ವಾಸಿ.

ಹತ್ತುವಾಗ ಸೀಟಿನ ಮೇಲೆ ಹಾರಿ ಕೂರಬೇಡಿ. ಬಲತೊಡೆಯ ಒಳಭಾಗ ಸೀಟಿಗೆ ತಾಗಿಸಿ ಜಾರಿಕೊಂಡು ಕೂರಬೇಕು. ಮೊದಮೊದಲು ಎಲ್ಲರೂ ಹತ್ತುವ ಮುಂಚೆ ಒಂದು ಸಣ್ಣ ಕುಪ್ಪಳಿ ಹಾಕುತ್ತಾರೆ. ಅದು ಹೋಗಬೇಕಾದರೆ ಮೊದಲು ನಡಿಗೆಯ ವೇಗದಲ್ಲಿ ನೂರು ಸಲ ಮಾಡಿ.

ಉಸಿರಿಗೆ ಬೇರೆ ಅಭ್ಯಾಸ ಬೇಕು. 30 ಸೆಕೆಂಡ್ ಪೂರ್ತಿ ಜೋರು, 30 ಸೆಕೆಂಡ್ ನಿಧಾನ, ಹೀಗೆ ಎಂಟು ಸಲ. ಐದು ನಿಮಿಷ ಬಿಟ್ಟು ಇನ್ನೊಮ್ಮೆ. ದುರ್ಗದವರಿಗೆ ಜೋಗಿಮಟ್ಟಿ ಕಡೆಯ ಏರು ಇದೆ. ದಾವಣಗೆರೆ ಸುತ್ತ ಬಹುಪಾಲು ಸಪಾಟು, ನಾವು ಭದ್ರಾ ನಾಲೆಯ ಏರಿಯನ್ನು ಸೈಕಲ್ ಹೊತ್ತು ಹತ್ತಿ ಇಳಿಯುತ್ತೇವೆ.

ಶುಕ್ರವಾರ

ಚೀಲ ತುಂಬಿಡಿ. ಎರಡು ಜೊತೆ ರೇಸಿನ ಬಟ್ಟೆ, ಎರಡು ಜೊತೆ ಕೈಗವಸು, ಮೂರು ಜೊತೆ ಕಾಲುಚೀಲ, ಹೆಲ್ಮೆಟ್, ಕನ್ನಡಕ, ಟವೆಲ್ಲು. ಒದ್ದೆ ಬಟ್ಟೆಗೆ ಖಾಲಿ ಗೊಬ್ಬರದ ಚೀಲ, ಚೆನ್ನಾಗಿ ತೊಳೆದದ್ದು. ಕುಡಿಯುವ ನೀರು ಬೇರೆ, ಮುಖ ತೊಳೆಯುವ ನೀರು ಬೇರೆ ಕ್ಯಾನಿನಲ್ಲಿ. ಹಳೇ ಪೇಪರಿನ ಒಂದು ಕಟ್ಟು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅಲೆನ್ ಕೀ, ಟ್ಯೂಬ್, ಪಂಪು, ಚೈನಿನ ಕೊಂಡಿ, ಮತ್ತು ನಿಮ್ಮ ಸೈಕಲಿಗೇ ಹೊಂದುವ ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಒಂದು.

ಹ್ಯಾಂಗರ್ ಯಾಕೆ ಅಂದರೆ, ನನ್ನ ಒಂದು ಭಾನುವಾರ ಅದರಿಂದಲೇ ಮುಗಿದಿತ್ತು. ಮೆಕ್ಕೆಜೋಳ ಕೊಯ್ದ ಹೊಲ, ಅಂಟು ಮಣ್ಣು. ಎರಡನೇ ಸುತ್ತಿನಲ್ಲಿ ಒಂದು ಒಣ ಗರಿ ಡಿರೇಲರಿನ ಸಣ್ಣ ಹಲ್ಲುಗಾಲಿಗೆ ಸುತ್ತಿಕೊಂಡಿತು. ಚೈನು ಕರಕರ ಅಂದಿತು. ನಾನು ಕೆಳಗೆ ನೋಡಲೇ ಇಲ್ಲ, ಇನ್ನೂ ಜೋರಾಗಿ ತುಳಿದೆ. ಟಕ್ ಅಂತ ಒಂದು ಸದ್ದು. ಡಿರೇಲರ್ ಕಿತ್ತು ಗಾಲಿಯ ಕಡ್ಡಿಗಳೊಳಗೆ ಹೋಗಿತ್ತು. ಉಗುರಿನಷ್ಟು ದಪ್ಪದ ಅಲ್ಯೂಮಿನಿಯಂ ತುಂಡು ಮುರಿದು ಕೈಗೆ ಬಂತು. ಅದು ಮುರಿಯಲೆಂದೇ ಮಾಡಿದ ತುಂಡು, ಫ್ರೇಮ್ ಉಳಿಯಲಿ ಅಂತ. ಬದಲಿ ಇದ್ದಿದ್ದರೆ ಹತ್ತು ನಿಮಿಷದ ಕೆಲಸ. ಕರಕರ ಕೇಳಿಸಿದರೆ ತುಳಿಯೋದು ನಿಲ್ಲಿಸಿ, ಇಳಿದು, ಸಿಕ್ಕಿದ್ದನ್ನು ಬೆರಳಿನಿಂದ ಎಳೆದು ಹಾಕಿ.

ರಾತ್ರಿ ಇನ್ನೊಂದು ಕೆಲಸ. ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವಲ್ಲ, ಹಾಗೆ ಸೈಕಲಿಗೂ ಹಚ್ಚಬೇಕು. ಅಡುಗೆ ಎಣ್ಣೆಯಲ್ಲಿ ಬಟ್ಟೆ ಅದ್ದಿ ಹಿಂಡಿ, ಫೋರ್ಕಿನ ಒಳಬದಿ, ಫ್ರೇಮಿನ ಕೆಳಭಾಗ, ಪೆಡಲ್ ಇಷ್ಟಕ್ಕೆ ತೆಳ್ಳಗೆ ಒರೆಸಿ. ಮಣ್ಣು ಅಂಟುವುದು ನಿಲ್ಲುವುದಿಲ್ಲ, ಆದರೆ ಬೇಗ ಕಳಚುತ್ತದೆ. ಬ್ರೇಕಿನ ಡಿಸ್ಕ್, ಪ್ಯಾಡ್, ರಿಮ್ ಹತ್ತಿರ ಆ ಬಟ್ಟೆ ಸುಳಿಯಲೂ ಬಾರದು. ಒಂದು ಹನಿ ಬಿದ್ದರೂ ಬ್ರೇಕ್ ಹಿಡಿಯುವುದಿಲ್ಲ.

ಶನಿವಾರ ಬೆಳಿಗ್ಗೆ

ರೇಸಿಗೆ ಮೂರು ಗಂಟೆ ಮುಂಚೆ ತಿಂದು ಮುಗಿಸಿ. ಇಡ್ಲಿ, ಬಾಳೆಹಣ್ಣು, ಅನ್ನ ಮೊಸರು, ನಿಮಗೆ ಒಗ್ಗಿದ್ದು ಯಾವುದಾದರೂ ಸರಿ. ಬೆಣ್ಣೆ ದೋಸೆ ರೇಸಾದ ಮೇಲೆ. ಅಷ್ಟು ಬೆಣ್ಣೆ ಹೊಟ್ಟೆಯಲ್ಲಿಟ್ಟುಕೊಂಡು ಓಡಲು ಆಗುವುದಿಲ್ಲ. ಹೆಸರು ಬರೆಸಿ, ನಂಬರ್ ಪಿನ್ನು ಮಾಡಿಸಿಕೊಂಡು ಟ್ರ್ಯಾಕ್ ನೋಡಲು ಹೋಗಿ.

ಮೊದಲ ಸುತ್ತು ನಡೆದೇ ನೋಡಿ. ಹಿಡಿ ಮಣ್ಣಿನ ಪರೀಕ್ಷೆ ಈಗಲೇ. ಎಲ್ಲರೂ ತುಳಿದ ನಡು ದಾರಿ ರಾಡಿಯಾಗಿದ್ದರೂ ದಾರಿ ಗುರುತಿಗೆ ಕಟ್ಟಿದ ಟೇಪಿನ ಅಂಚಿನಲ್ಲಿ ಒಂದು ಗೇಣು ಹುಲ್ಲು ಉಳಿದಿರುತ್ತದೆ. ಹುಲ್ಲಿನ ಬೇರು ಟೈರಿಗೆ ಹಿಡಿತ ಕೊಡುತ್ತದೆ. ಆ ಅಂಚಿನಲ್ಲಿ ಜಾಲಿ ಕೊಂಬೆ ಬಿದ್ದಿದೆಯಾ ನೋಡಿ. ಆಮೇಲೆ ಸೈಕಲಿನಲ್ಲಿ ಎರಡು ಸುತ್ತು. ಪ್ರತಿ ಕೆಸರು ಗುಂಡಿಗೂ ಒಂದು ತೀರ್ಮಾನ ಮಾಡಿಟ್ಟುಕೊಳ್ಳಿ: ಇಲ್ಲಿ ಓಡಿಸುತ್ತೇನೆ, ಇಲ್ಲಿ ಇಳಿಯುತ್ತೇನೆ. ಎದೆ ಹೊಡೆದುಕೊಳ್ಳುತ್ತಿರುವಾಗ ಹೊಸದಾಗಿ ಯೋಚಿಸಲು ತಲೆ ಕೇಳುವುದಿಲ್ಲ.

ಇಬ್ಬರು ಬಂದಿದ್ದರೆ ಒಬ್ಬರು ಪಿಟ್ಟಿನಲ್ಲಿ (ಟ್ರ್ಯಾಕಿನ ಪಕ್ಕ ಸೈಕಲ್ ಬದಲಿಸಲು, ತೊಳೆಯಲು ಬಿಟ್ಟ ಜಾಗ) ನಿಲ್ಲಲಿ. ನಿಯಮದ ಪ್ರಕಾರ ಸೈಕಲ್ ಬದಲಾಯಿಸುವುದು ಅಲ್ಲಿ ಮಾತ್ರ. ಬೇರೆ ಕಡೆ ಕೆಟ್ಟರೆ ಪಿಟ್ಟಿನವರೆಗೆ ಹೊತ್ತು ಓಡಬೇಕು. ಎರಡನೇ ಸೈಕಲ್ ಇಲ್ಲದಿದ್ದರೂ ಪರವಾಗಿಲ್ಲ, ಒಂದು ಸೈಕಲನ್ನೇ ತೊಳೆದು ಕೊಡಬಹುದು. ನಾವು ಹೊಲಕ್ಕೆ ಔಷಧಿ ಹೊಡೆಯುವ, ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರ್ ತರುತ್ತೇವೆ. ಕರೆಂಟ್ ಇಲ್ಲದ ಕಡೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆದರೆ ಹೊಸದೇ ಆಗಬೇಕು. ಒಮ್ಮೆ ಕೀಟನಾಶಕ ತುಂಬಿದ ಡಬ್ಬವನ್ನು ಎಷ್ಟು ತೊಳೆದರೂ ನಂಬಬೇಡಿ. ಆ ನೀರು ಕೈಗೆ, ಕಣ್ಣಿಗೆ ಸಿಡಿಯುತ್ತದೆ.

ರೇಸು

ಹೊರಡುವ ಮುಂಚೆ 20 ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಕೊನೆಗೆ ಎರಡು ಮೂರು ಸಲ ಜೋರಾಗಿ ತುಳಿಯಿರಿ. ಈ ಆಟದಲ್ಲಿ ಶುರುವೇ ಸಿಕ್ಕಾಪಟ್ಟೆ ಜೋರು, ಆಮೇಲೆ ಮೈ ಬಿಸಿ ಮಾಡಿಕೊಳ್ಳಲು ಸಮಯ ಸಿಗುವುದಿಲ್ಲ.

ಮೊದಲ ತಿರುವಿನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿ ಒಬ್ಬ ಬಿದ್ದರೆ ಹಿಂದಿನವರೆಲ್ಲ ನಿಲ್ಲುತ್ತಾರೆ. ಹೊಸಬರು ಅಲ್ಲಿ ಹೊರಗಿನ ಅಂಚು ಹಿಡಿಯುವುದು ಒಳ್ಳೆಯದು. ದಾರಿ ಉದ್ದ, ಆದರೆ ಖಾಲಿ ಇರುತ್ತದೆ.

ರಾಡಿಯೊಳಗೆ ಹೋಗುವಾಗ ವೇಗ ಇರಲಿ, ಗೇರ್ ಹಗುರ ಇರಲಿ. ಸೀಟಿನಲ್ಲಿ ಸ್ವಲ್ಪ ಹಿಂದೆ ಸರಿದು ಕೂತು, ಒಂದೇ ಸಮನೆ ತುಳಿಯಿರಿ. ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಡಿ. ಮುಂದಿನ ಗಾಲಿ ಗೇಣಿನಷ್ಟು ಆಚೀಚೆ ಹೋಗಿ ತಾನೇ ದಾರಿ ಹುಡುಕಿಕೊಳ್ಳುತ್ತದೆ. ಅದನ್ನು ಬಲವಂತವಾಗಿ ನೆಟ್ಟಗೆ ಮಾಡಲು ಹೋದವರೇ ಬೀಳುವುದು. ಬ್ರೇಕು ತಿರುವಿಗೆ ಮುಂಚೆ ಹಿಡಿದು ಬಿಡಿ, ತಿರುವಿನೊಳಗೆ ಬೇಡ. ಆಳವಾದ ಜಾಡು ಬಿದ್ದಿದ್ದರೆ ಅದರೊಳಗೇ ಹೋಗಿ, ಅರ್ಧದಲ್ಲಿ ಹತ್ತಿ ಹೊರಬರಲು ನೋಡಬೇಡಿ. ಅಡ್ಡ ಇಳಿಜಾರಿನಲ್ಲಿ ಮೇಲಿನ ಗೆರೆಯಿಂದ ಶುರು ಮಾಡಿ, ಹೇಗೂ ಕೆಳಕ್ಕೆ ಜಾರುತ್ತೀರಿ.

ಅಂಟು ಮಣ್ಣಿಗೆ ಲೆಕ್ಕ ಬೇರೆ. ಅಲ್ಲಿ ಸೈಕಲ್ ನಿಂತ ಮೇಲೆ ಇಳಿದರೆ ತಡವಾಯಿತು. ಅಷ್ಟರಲ್ಲಿ ಗಾಲಿ ಕಟ್ಟಿಕೊಂಡು ಮೂರು ನಾಲ್ಕು ಕಿಲೋ ಮಣ್ಣು ಸೇರಿರುತ್ತದೆ, ಆ ಭಾರವನ್ನೂ ಹೊರಬೇಕು. ನಿಮ್ಮ ಓಟದ ವೇಗಕ್ಕೂ ಸೈಕಲಿನ ವೇಗಕ್ಕೂ ವ್ಯತ್ಯಾಸ ಇಲ್ಲ ಅನ್ನಿಸಿದ ಕ್ಷಣವೇ ಇಳಿದು ಹೆಗಲಿಗೆ ಹಾಕಿ. ತಳ್ಳಬೇಡಿ. ತಳ್ಳಿದ ಗಾಲಿಯೂ ಉರುಳುತ್ತಾ ಮಣ್ಣು ಸುತ್ತಿಕೊಳ್ಳುತ್ತದೆ. ಒಂದು ಎರೆ ಹೊಲದ ಯಜಮಾನರು ಬದುವಿನ ಮೇಲೆ ನಿಂತು ನನಗೊಮ್ಮೆ ಕೂಗಿ ಹೇಳಿದ್ದು ಇದೇ: ‘ತಮ್ಮಾ, ಎತ್ತಿ ನಡಿ, ಎಳಿಬ್ಯಾಡ!’ ಎಲ್ಲರೂ ಎಳೆಯುತ್ತಿದ್ದರು. ನಾನು ಎತ್ತಿ ನಡೆದು ನಾಲ್ಕು ಜನರನ್ನು ದಾಟಿದೆ.

ಸುತ್ತುಗಳನ್ನು ಎಣಿಸುವ ಚಿಂತೆ ನಿಮಗೆ ಬೇಡ. ರೇಸಿಗೆ ಇಂತಿಷ್ಟು ನಿಮಿಷ ಅಂತ ಇರುತ್ತದೆ. ಮೊದಲ ಸುತ್ತುಗಳ ಸಮಯ ನೋಡಿ ಉಳಿದ ಸುತ್ತುಗಳ ಸಂಖ್ಯೆ ಬರೆದು ತೋರಿಸುತ್ತಾರೆ, ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ. ಮುಂದಿನವರು ನಿಮಗಿಂತ ಒಂದು ಸುತ್ತು ಹೆಚ್ಚು ಹಾಕಿ ಹಿಂದಿನಿಂದ ಬಂದರೆ ಹಠಾತ್ತನೆ ಪಕ್ಕಕ್ಕೆ ಎಳೆಯಬೇಡಿ, ನಿಮ್ಮ ಗೆರೆಯಲ್ಲೇ ನೆಟ್ಟಗೆ ಹೋಗಿ ಜಾಗ ಬಿಡಿ. ಗುಡುಗು ಹತ್ತಿರ ಕೇಳಿಸಿದರೆ ರೇಸು ಅಲ್ಲಿಗೇ ಬಿಟ್ಟು ಕಾರಿನೊಳಗೋ ಪಕ್ಕಾ ಕಟ್ಟಡದೊಳಗೋ ಹೋಗಿ. ಬಯಲಿನ ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಶನಿವಾರ ರಾತ್ರಿಯ ಕೆಲಸ

ಭಾನುವಾರದ ರೇಸು ಇಲ್ಲಿಂದಲೇ ಶುರು. ಮೊದಲು ನಿಮ್ಮನ್ನು ನೋಡಿಕೊಳ್ಳಿ. ತರಚಿದ ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷ ಆಯಿತು ನೆನಪಿದೆಯಾ? ಇಲ್ಲದಿದ್ದರೆ ಹಾಕಿಸಿಕೊಂಡೇ ಬನ್ನಿ. ದನ, ಇಲಿ ಓಡಾಡಿದ ಕೆಸರು ನೀರಿನಿಂದ ಇಲಿ ಜ್ವರ ಬರಬಹುದು. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಕೆಸರಿನಲ್ಲಿ ಬಿದ್ದಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ಸೈಕಲನ್ನು ಮಣ್ಣು ಒಣಗುವ ಮುಂಚೆ ತೊಳೆಯಿರಿ. ಒಣಗಿದ ಎರೆ ಸಿಮೆಂಟಿನ ಹಾಗೆ. ಮೊದಲು ಕಡ್ಡಿಯಲ್ಲಿ ದಪ್ಪ ಮಣ್ಣು ಕೆರೆದು ಹಾಕಿ, ಆಮೇಲೆ ನೀರು. ವಾಟರ್ ಸರ್ವಿಸ್‌ಗೆ ಒಯ್ದರೆ ಪೈಪನ್ನು ದೂರ ಹಿಡಿಯಲು ಹೇಳಿ. ಗಾಲಿಯ ನಡುಭಾಗ, ಪೆಡಲಿನ ನಡುಭಾಗ, ಹ್ಯಾಂಡಲ್ ತಿರುಗುವ ಜಾಗ ಇವಕ್ಕೆ ನೇರವಾಗಿ ಹೊಡೆದರೆ ಗ್ರೀಸ್ ಹೋಗಿ ಬೇರಿಂಗ್ ಕೆಡುತ್ತದೆ. ಸೀಟಿನ ಕಂಬ ಎಷ್ಟು ಎತ್ತರಕ್ಕಿತ್ತು ಅಂತ ಟೇಪು ಸುತ್ತಿ ಗುರುತು ಮಾಡಿ, ತೆಗೆದು, ಸೈಕಲ್ ತಲೆಕೆಳಗೆ ಮಾಡಿ. ಒಳಗೆ ಸೇರಿದ ನೀರು ಸೋರಲಿ. ಚೈನು ಒರೆಸಿ ಎಣ್ಣೆ ಬಿಡಿ.

ಬ್ರೇಕ್ ಪ್ಯಾಡನ್ನು ತಪ್ಪದೆ ನೋಡಿ. ಕೆಂಪು ಮಣ್ಣಿನ ಮರಳು ಅರದ ಹಾಗೆ ಕೆಲಸ ಮಾಡುತ್ತದೆ. ಒಂದೇ ರೇಸಿನಲ್ಲಿ ಪ್ಯಾಡ್ ಸವೆದು ತಗಡು ಕಾಣಬಹುದು. ಈಗ ಆ ಹಳೇ ಪೇಪರ್ ತೆಗೆಯಿರಿ. ಶೂ ಒಳಗಿನ ಅಟ್ಟೆ ತೆಗೆದು, ಪೇಪರ್ ಉಂಡೆ ಮಾಡಿ ಬೆರಳಿನ ತುದಿವರೆಗೆ ತುರುಕಿ. ಎರಡು ಗಂಟೆಗೊಮ್ಮೆ ಬದಲಾಯಿಸಿದರೆ ಬೆಳಿಗ್ಗೆ ಹೊತ್ತಿಗೆ ಮುಕ್ಕಾಲು ಒಣಗಿರುತ್ತದೆ.

ಊಟ ಹೊಟ್ಟೆ ತುಂಬಾ ಮಾಡಿ. ಅನ್ನ ಸಾರು, ಮುದ್ದೆ, ಮಜ್ಜಿಗೆ. ಮಂಡಕ್ಕಿ ಜೊತೆ ಮೆಣಸಿನಕಾಯಿ ಬೋಂಡಾ ಮಾತ್ರ ನಾಳೆ ಸಂಜೆಗೆ ಇಟ್ಟುಕೊಳ್ಳಿ.

ಭಾನುವಾರ

ಕಾಲು ಹಿಡಿದುಕೊಂಡಿರುತ್ತದೆ. ಹತ್ತು ನಿಮಿಷ ಜಾಸ್ತಿಯೇ ಮೈ ಬಿಸಿ ಮಾಡಿ. ನಿನ್ನೆಯ ಗೆರೆ, ನಿನ್ನೆಯ ಗಾಳಿ ಇವತ್ತಿಗೆ ನಡೆಯುವುದಿಲ್ಲ. ಎರೆಗೆ ಒಂದೆರಡು ಪಿಎಸ್‌ಐ ಇಳಿಸಿ, ಹೊಲದಲ್ಲಿ ಮತ್ತೆ ಮಣ್ಣು ಹಿಸುಕಿ ನೋಡಿ. ಬೆಳಿಗ್ಗೆ ಎಂಟಕ್ಕೆ ರಾಡಿ ಇದ್ದದ್ದು ಹನ್ನೊಂದಕ್ಕೆ ಅಂಟು ಆಗಿರುತ್ತದೆ. ನಿಮ್ಮ ರೇಸಿಗೆ ಹತ್ತು ನಿಮಿಷ ಮುಂಚೆ ಹಿಸುಕಿದ್ದೇ ಲೆಕ್ಕ.

ರೇಸು ಮುಗಿದ ಮೇಲೆ ಬೇಗ ಹೊರಡಬೇಡಿ. ಹೊಲ ಕೊಟ್ಟವರಿಗೆ ಇನ್ನು ಕೆಲವೇ ದಿನದಲ್ಲಿ ಹಿಂಗಾರಿ ಬಿತ್ತನೆ ಇರುತ್ತದೆ. ಆಳವಾದ ಜಾಡುಗಳನ್ನು ಗುದ್ದಲಿಯಲ್ಲಿ ಎಳೆದು ಮುಚ್ಚಿ. ಟಾರು ರಸ್ತೆಗೆ ನಮ್ಮ ಗಾಲಿಯಿಂದ ಬಿದ್ದ ಮಣ್ಣನ್ನು ಸಲಿಕೆಯಲ್ಲಿ ತೆಗೆಯಿರಿ, ರಾತ್ರಿ ಬೈಕಿನವರು ಜಾರುತ್ತಾರೆ. ಗಳ, ಟೇಪು ಎಲ್ಲ ಸುತ್ತಿಟ್ಟ ಮೇಲೆ ಒಂದು ಚೀಲ ಹಿಡಿದು ಪೂರ್ತಿ ಸುತ್ತನ್ನು ಇನ್ನೊಮ್ಮೆ ನಡೆಯಿರಿ. ಟೇಪಿನ ತುಂಡು, ಕಟ್ಟಿದ ಪ್ಲಾಸ್ಟಿಕ್ ಪಟ್ಟಿ, ಪಿನ್ನು, ಒಂದೂ ಉಳಿಯಬಾರದು. ನಾಳೆ ಬೆಳಿಗ್ಗೆ ಆ ಬದುವಿನಲ್ಲಿ ದನ ಮೇಯುತ್ತವೆ.